ಗೇಮಿನ ನಾಯಕಿ ಆಯಿ ಆಗಬಾರದಾ? ಬಾಗಲಕೋಟೆಯ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬಾಗಲಕೋಟೆ ನವನಗರದವಳು. ಕಂಪ್ಯೂಟರ್ ಸೈನ್ಸ್ ಬಿಇ ಕೊನೆಯ ವರ್ಷ. ನಾನು ಮತ್ತು ಕ್ಲಾಸಿನ ಇಬ್ಬರು ಗೆಳೆಯರು ಸೇರಿ ಮೊಬೈಲಿಗೆ ಒಂದು ಗೇಮ್ ಮಾಡುತ್ತಿದ್ದೇವೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದಾಗ ನಮ್ಮ ಆಯಿ (ಅಜ್ಜಿ) ಏನು ಕಟ್ಟಿಕೊಂಡು ಬಂದಳು, ಏನು ಬಿಟ್ಟು ಬಂದಳು ಅನ್ನೋದೇ ಕಥೆ. ಆಡುವವರು ಆಯಿಯಾಗಿಯೇ ಆಡಬೇಕು. ಕಥೆ, ಚಿತ್ರ, ಮಾತು ನನ್ನದು. ಕೋಡ್ ಹೆಚ್ಚಿನದು ಗೆಳೆಯರದು. ಈಗ ಅವರು, "ಮುದುಕಿಯನ್ನ ಯಾರೂ ಆಡಲ್ಲ, ಇಪ್ಪತ್ತು ವರ್ಷದ ಹುಡುಗಿ ಮಾಡು, ಇಲ್ಲಾ ಹೀರೋ ಹಾಕು, ಅರವತ್ತು ಸೆಕೆಂಡಿನ ಟೈಮರ್ ಇಡೋಣ" ಅಂತಾರೆ. ಪ್ಲೇ ಸ್ಟೋರಿಗೆ ಹಾಕೋದು ಅವರಲ್ಲಿ ಒಬ್ಬನ ಅಕೌಂಟಿನಿಂದ. ಅಪ್ಪನಿಗೆ ಗೇಮ್ ಅಂದರೆ ರಮ್ಮಿ, "ಸರ್ಕಾರವೇ ಬಂದ್ ಮಾಡಿದ ಧಂದೆ" ಅಂತಾರೆ. ಬೆಂಗಳೂರಿನಲ್ಲಿರುವ ಅತ್ತೆ ಮಗ, ಗೇಮಿಂಗ್ ಕಂಪನಿಗಳಲ್ಲಿ ಹೆಣ್ಣುಮಕ್ಕಳಿಗೆ ಮರ್ಯಾದೆ ಇಲ್ಲ, ಹೋಗಬೇಡ ಅಂತಾನೆ. ಅಲ್ಲಿನ ಏಳು ಜನರ ಒಂದು ಸ್ಟುಡಿಯೋ ನನಗೆ ಆರು ತಿಂಗಳ ಇಂಟರ್ನ್‌ಶಿಪ್ ಕೊಡುತ್ತೇನೆ ಎಂದಿದೆ. ನಾನು ಬಿಜಿಎಂಐ (ಆನ್‌ಲೈನಿನಲ್ಲಿ ಗುಂಪಾಗಿ ಆಡುವ ಶೂಟಿಂಗ್ ಗೇಮ್) ಆಡುವಾಗಲೂ ಹುಡುಗನ ಹೆಸರಿಟ್ಟುಕೊಂಡು, ಮೈಕ್ ಆಫ್ ಮಾಡಿ ಆಡುತ್ತೇನೆ. ಈ ಕೆಲಸ ನನಗೆ ಸರಿ ಹೋಗುತ್ತಾ? ಆಯಿಯನ್ನ ಬಿಟ್ಟುಕೊಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಚಿಂತೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಅಪ್ಪನ ಭಯ ಕಾನೂನಿನದು. ಅತ್ತೆ ಮಗನ ಭಯ ಕೆಲಸದ ಜಾಗದ್ದು. ಗೆಳೆಯರದು ಮಾರುಕಟ್ಟೆಯ ಭಯ. ನಿಮ್ಮದು ಇದೆಲ್ಲಕ್ಕಿಂತ ಒಳಗಿನದು: ನನ್ನ ಕಥೆ ನನ್ನ ಕೈ ತಪ್ಪಿ ಹೋಗುತ್ತಿದೆ ಅನ್ನೋದು. ಒಂದೊಂದಾಗಿ ಬಿಚ್ಚೋಣ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಗೇಮ್ ಡಿಸೈನರ್ ಆಗಿ ಬಹಳ ವರ್ಷ ದುಡಿದು, ಈಗ ಬೆಳಗಾವಿಯ ಟಿಳಕವಾಡಿಯಲ್ಲಿ ಕೂತು ಅದೇ ಕೆಲಸ ಮಾಡುತ್ತಿರುವವಳು ನಾನು. ಕಂಡದ್ದನ್ನೇ ಹೇಳುತ್ತೇನೆ.

ಅಪ್ಪನ ಮಾತು ಮೊದಲು, ಯಾಕಂದರೆ ಅದು ಬೇಗ ಮುಗಿಯುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿದ್ದು ನಿಜ. ಅದು ನಿಷೇಧಿಸಿದ್ದು ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆಡುವ ಆಟಗಳನ್ನು. ರಮ್ಮಿ, ಪೋಕರ್, ದುಡ್ಡು ಹಾಕುವ ಫ್ಯಾಂಟಸಿ ಕ್ರಿಕೆಟ್ ಆ ಸಾಲಿಗೆ ಬರುತ್ತವೆ. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮುಗಳಿಗೆ, ಮಾನ್ಯತೆ ಕೊಡುತ್ತದೆ. ಹಣದ ಪಣ ಇಲ್ಲದ ಆಟಗಳಿಗೆ ಪ್ರೋತ್ಸಾಹ ಕೊಡಬೇಕು ಎಂದೂ ಹೇಳುತ್ತದೆ. ಕರ್ನಾಟಕ ಸರ್ಕಾರವಂತೂ ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ 2012ರಲ್ಲಿ ನೀತಿ ತಂದ ಮೊದಲ ರಾಜ್ಯ. ಈಗ ನಡೆಯುತ್ತಿರುವುದು 2024-29ರ ನೀತಿ. ಅಪ್ಪನ ಮುಂದೆ ವಾದಕ್ಕೆ ಇಳಿಯಬೇಡಿ. ನಿಮ್ಮ ಗೇಮನ್ನು ಅವರ ಕೈಗೇ ಕೊಡಿ. ಹಳೇ ಊರಿನ ಓಣಿಯನ್ನು ಫೋನಿನಲ್ಲಿ ನೋಡಿದ ಮೇಲೆ ಅವರು ರಮ್ಮಿಯ ಮಾತು ಎತ್ತುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು "ಇದು ಹುಡುಗರ ಕ್ಷೇತ್ರ" ಅನ್ನುವ ಮಾತು. ಇದು ಸುಳ್ಳು, ಅದೂ ಆಮೇಲೆ ಹುಟ್ಟಿಕೊಂಡ ಸುಳ್ಳು. ಕ್ಯಾರಲ್ ಶಾ 1978ರಲ್ಲೇ ಅಟಾರಿ ಕಂಪನಿಗೆ ಪ್ರೋಗ್ರಾಮರ್ ಆಗಿ ಸೇರಿದರು. 1982ರಲ್ಲಿ ಆಕ್ಟಿವಿಷನ್ ಕಂಪನಿಗಾಗಿ 'ರಿವರ್ ರೇಡ್' ಬರೆದರು. ಆ ಗೇಮನ್ನು ನೀವು ಒಮ್ಮೆ ಬಿಚ್ಚಿ ನೋಡಬೇಕು. ಗೇಮ್ ತುಂಬಿ ಮಾರುತ್ತಿದ್ದ ಡಬ್ಬಿಯಲ್ಲಿ, ಅಂದರೆ ಇಡೀ ಕಾರ್ಟ್ರಿಡ್ಜ್‌ನಲ್ಲಿ, ಇದ್ದ ಜಾಗ ಬರೀ 4 ಕಿಲೋಬೈಟ್. ಉದ್ದಕ್ಕೂ ಹರಿಯುವ ನದಿಯ ನಕ್ಷೆಯನ್ನು ಅದರಲ್ಲಿ ಇಡಲು ಸಾಧ್ಯವೇ ಇರಲಿಲ್ಲ. ಅದಕ್ಕೆ ಅವರು ನದಿಯನ್ನು ಇಡಲೇ ಇಲ್ಲ. ಒಂದು ಆರಂಭದ ಸಂಖ್ಯೆ ಕೊಟ್ಟು, ಅದರಿಂದ ಮುಂದಿನ ಸಂಖ್ಯೆಗಳು ಹುಟ್ಟುವ ಲೆಕ್ಕ ಬರೆದರು. ಆ ಸಂಖ್ಯೆಗಳಿಂದ ದಡ, ಸೇತುವೆ, ದ್ವೀಪ ತಾವಾಗಿಯೇ ಮೂಡುತ್ತಿದ್ದವು. ಆರಂಭದ ಸಂಖ್ಯೆ ಬದಲಾಗದ ಕಾರಣ ಪ್ರತಿ ಸಲವೂ ಅದೇ ನದಿ. ಇವತ್ತು ದೊಡ್ಡ ದೊಡ್ಡ ಗೇಮುಗಳಲ್ಲಿ ಬೆಟ್ಟ ಕಾಡು ತಾವಾಗಿ ಮೂಡುವುದರ ಹಿಂದೆ ಇರುವುದೂ ಇದೇ ಯೋಚನೆ. ಡೋನಾ ಬೇಲಿ ಅಟಾರಿಯಲ್ಲಿ ಎಡ್ ಲಾಗ್ ಜೊತೆ 'ಸೆಂಟಿಪೀಡ್' ಮಾಡಿದರು. ರಾಬರ್ಟಾ ವಿಲಿಯಮ್ಸ್ 1980ರಲ್ಲಿ 'ಮಿಸ್ಟರಿ ಹೌಸ್' ತಂದರು, ಕಥೆ ಹೇಳುವ ಗೇಮಿಗೆ ಚಿತ್ರ ಸೇರಿಸಿದ ಮೊದಲಿಗರಲ್ಲಿ ಅವರು ಒಬ್ಬರು.

ಹಾಗಾದರೆ ಹುಡುಗರದ್ದು ಅಂತ ಯಾವಾಗ ಆಯಿತು? 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿದು ಬಿತ್ತು. ಆಮೇಲೆ ಗೇಮ್ ಯಂತ್ರಗಳು ಮತ್ತೆ ಅಂಗಡಿ ಹೊಕ್ಕಿದ್ದು ಆಟಿಕೆಯ ವೇಷದಲ್ಲಿ. ಆಟಿಕೆ ಅಂಗಡಿಯಲ್ಲಿ ಹುಡುಗರ ಸಾಲು ಬೇರೆ, ಹುಡುಗಿಯರ ಸಾಲು ಬೇರೆ. ಗೇಮುಗಳು ಹುಡುಗರ ಸಾಲಿಗೆ ಹೋದವು. ಜಾಹೀರಾತು ಅವರಿಗೇ, ಅದನ್ನು ಆಡಿ ಬೆಳೆದು ಗೇಮ್ ಮಾಡಲು ಬಂದವರೂ ಹೆಚ್ಚಾಗಿ ಅವರೇ. ನಮ್ಮ ಕಡೆ ಕಾರಣ ಇನ್ನೂ ಸರಳ. ಸೈಬರ್ ಕೆಫೆಗೆ ಹುಡುಗಿಯರು ಹೋಗುವಂತಿರಲಿಲ್ಲ. ಮನೆಯ ಕಂಪ್ಯೂಟರ್ ಅಣ್ಣನದು. ಸಂಜೆ ಅವನು ಗೇಮ್ ಆಡುವಾಗ ತಂಗಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೈಯಲ್ಲಿ ಆಟ ಹಿಡಿಯಲು ಸಿಕ್ಕ ಸಮಯದ ಲೆಕ್ಕ ಅದು. ಬುದ್ಧಿಗೂ ಆಸಕ್ತಿಗೂ ಅದಕ್ಕೂ ಸಂಬಂಧವೇ ಇಲ್ಲ. ಮೊಬೈಲ್ ಬಂದ ಮೇಲೆ ಆಡುವ ಹೆಣ್ಣುಮಕ್ಕಳು ಎಷ್ಟು ಜಾಸ್ತಿಯಾದರು ಅಂತ ನಿಮ್ಮ ಓಣಿಯಲ್ಲೇ ಕಾಣುತ್ತದೆ, ಅಲ್ವಾ? ಬೆಂಗಳೂರಿನ ಗೇಮ್ ಡಿಸೈನರ್ ಪೂರ್ಣಿಮಾ ಸೀತಾರಾಮನ್ 2020ರಲ್ಲಿ 'ವಿಮೆನ್ ಇನ್ ಗೇಮ್ಸ್' ಸಂಸ್ಥೆಯ ಹಾಲ್ ಆಫ್ ಫೇಮ್ ಸೇರಿದ ಮೊದಲ ಭಾರತೀಯರು. ದಾರಿ ಸಣ್ಣದಿರಬಹುದು, ಆದರೆ ಇದೆ.

ಅತ್ತೆ ಮಗನ ಮಾತಿಗೆ ಬರುತ್ತೇನೆ. ಅವನು ಸುಮ್ನೆ ಹೆದರಿಸುತ್ತಿಲ್ಲ. 2014ರಲ್ಲಿ 'ಗೇಮರ್‌ಗೇಟ್' ಹೆಸರಿನಲ್ಲಿ ಗೇಮ್ ಮಾಡುವ, ಗೇಮ್ ಬಗ್ಗೆ ಬರೆಯುವ ಹೆಂಗಸರ ಮೇಲೆ ತಿಂಗಳುಗಟ್ಟಲೆ ಆನ್‌ಲೈನ್ ದಾಳಿ ನಡೆಯಿತು. ಕೆಲವರು ಜೀವ ಬೆದರಿಕೆಗೆ ಮನೆ ಬಿಟ್ಟು ಹೋಗಬೇಕಾಯಿತು. ರಾಯಟ್ ಗೇಮ್ಸ್ ಕಂಪನಿ, ಹೆಣ್ಣು ಉದ್ಯೋಗಿಗಳಿಗೆ ತಾರತಮ್ಯ ಮಾಡಿತು ಅನ್ನುವ ಮೊಕದ್ದಮೆಯನ್ನು 2021ರಲ್ಲಿ 10 ಕೋಟಿ ಡಾಲರ್ ಕೊಟ್ಟು ಬಗೆಹರಿಸಿಕೊಂಡಿತು. ಆಕ್ಟಿವಿಷನ್ ಬ್ಲಿಝಾರ್ಡ್ ಮೇಲೆ ಅದೇ ವರ್ಷ ಕ್ಯಾಲಿಫೋರ್ನಿಯಾ ಸರ್ಕಾರ ಕೇಸು ಹಾಕಿತು, 2023ರ ಕೊನೆಗೆ ಸುಮಾರು 5.4 ಕೋಟಿ ಡಾಲರಿನ ರಾಜಿ ಆಯಿತು.

ಆದರೆ ಇದರಿಂದ "ಗೇಮಿಂಗ್ ಅಂದರೇ ಹೀಗೆ" ಅಂತ ತೀರ್ಮಾನಿಸಿದರೆ ಕಾರಣ ಕೈತಪ್ಪುತ್ತದೆ. ನಾನು ನೋಡಿದ ಹಾಗೆ ಕೆಡುಕು ಬೆಳೆಯುವುದು ಕೆಲವು ಗುರುತಿಸಬಹುದಾದ ಜಾಗಗಳಲ್ಲಿ. ಗೆಳೆಯರು ಗೆಳೆಯರನ್ನೇ ಕೆಲಸಕ್ಕೆ ತೆಗೆದುಕೊಳ್ಳುವ ಕಡೆ. ರಿಲೀಸ್ ಹತ್ತಿರ ಬಂದಾಗ ರಾತ್ರಿ ಹಗಲು ದುಡಿಸಿ, ಅದನ್ನೇ ಹೆಮ್ಮೆಯ ವಿಷಯ ಮಾಡುವ ಕಡೆ. ಕೆಲಸ ಕಾಂಟ್ರಾಕ್ಟಿನದಾಗಿ, ದೂರು ಕೊಟ್ಟರೆ ಮುಂದಿನ ಪ್ರಾಜೆಕ್ಟ್ ಸಿಗುವುದಿಲ್ಲ ಅನ್ನುವ ಅಂಜಿಕೆ ಇರುವ ಕಡೆ. "ಇಷ್ಟಪಟ್ಟು ಬಂದಿದ್ದೀಯ, ಸಂಬಳದ ಮಾತು ಯಾಕೆ" ಅನ್ನುವವರ ಹತ್ತಿರ. ಇಂಥ ಸ್ಟುಡಿಯೋ ಒಂದರಲ್ಲಿ ನನ್ನ ಜೊತೆ ಕೂತು ಗೇಮಿನ ಅರ್ಧ ಚಿತ್ರ ಬರೆದ ಹುಡುಗಿಯ ಹೆಸರು ಕೊನೆಯ ಕ್ರೆಡಿಟ್ಸ್‌ನಲ್ಲಿ ಬರಲೇ ಇಲ್ಲ, ಕಾಂಟ್ರಾಕ್ಟ್ ಒಂದು ತಿಂಗಳು ಮೊದಲೇ ಮುಗಿದಿತ್ತು ಅನ್ನುವ ನೆಪ. ಗೇಮ್ ಕೆಲಸದಲ್ಲಿ ಕ್ರೆಡಿಟ್ಸ್ ಅಂದರೆ ಮುಂದಿನ ಕೆಲಸಕ್ಕೆ ಇರುವ ಒಂದೇ ಸಾಕ್ಷಿ. ಅದು ಹೋದರೆ ಎರಡು ವರ್ಷದ ದುಡಿಮೆಯೇ ಹೋದ ಹಾಗೆ. ಒಳ್ಳೆಯ ಸ್ಟುಡಿಯೋಗಳಲ್ಲೂ ನಾನು ಇದ್ದೆ. ಅಲ್ಲಿ ಇದ್ದ ವ್ಯತ್ಯಾಸ ಇಷ್ಟೇ: ನಿಯಮಗಳು ಬರೆದು ಇಟ್ಟಿದ್ದವು, ಮತ್ತು ಮುಖ್ಯ ತೀರ್ಮಾನ ಆಗುವ ಮೀಟಿಂಗಿನಲ್ಲಿ ಹೆಂಗಸರು ಒಬ್ಬರಿಗಿಂತ ಹೆಚ್ಚು ಇದ್ದರು.

ಈಗ ನಿಮ್ಮ ಆಯಿ. ನನಗೆ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ಮೀಟಿಂಗಿನಲ್ಲಿ ಯಾರಿದ್ದಾರೆ ಅನ್ನೋದು ತೆರೆಯ ಮೇಲೆ ಹೇಗೆ ಕಾಣುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಹೊಲದ ಕೆಲಸದ ಒಂದು ಮೊಬೈಲ್ ಗೇಮಿಗೆ ನಾವು ರೈತ ಹೆಂಗಸಿನ ಪಾತ್ರ ಮಾಡುತ್ತಿದ್ದೆವು. ಮೊದಲ ಚಿತ್ರದಲ್ಲಿ ಅವಳ ತೋಳು ಗಟ್ಟಿ, ಕಾಲು ಒಡೆದ ಹಿಮ್ಮಡಿ, ಬಣ್ಣ ಬಿಸಿಲಿನದು. ವಾರವಾರವೂ ತಿದ್ದುಪಡಿ ಬಂತು. ಸ್ವಲ್ಪ ಬೆಳ್ಳಗೆ ಮಾಡಿ. ಸೊಂಟ ಸಣ್ಣ ಮಾಡಿ. ಕುಪ್ಪಸ ಇಷ್ಟು ಉದ್ದ ಬೇಡ. ಕೊನೆಗೆ ಅವಳು ಜೋಳದ ಚೀಲ ಎತ್ತುವ ಅನಿಮೇಷನ್ ಹಾಕಿದಾಗ ಚೀಲ ಅವಳ ತೋಳಿನ ಒಳಗೇ ತೂರಿಕೊಂಡು ಹೋಯಿತು. ಚೀಲದ ಅಳತೆಗೆ ಹೊಂದುವ ಮೈ ಅವಳಲ್ಲಿ ಉಳಿದೇ ಇರಲಿಲ್ಲ. ಆಗ ಚೀಲವನ್ನು ಸಣ್ಣದು ಮಾಡಿದರು, ಅವಳ ಮೈ ಹಾಗೇ ಉಳಿಯಿತು. ಯಾರಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ಆ ಕೋಣೆಯಲ್ಲಿ ಚೀಲ ಎತ್ತುವ ಹೆಂಗಸನ್ನು ಹತ್ತಿರದಿಂದ ನೋಡಿದವರು ಕಡಿಮೆ ಇದ್ದರು, ಅಷ್ಟೇ.

ದೊಡ್ಡ ಕಂಪನಿಗಳಲ್ಲೂ ಇದು ನಡೆಯುತ್ತದೆ. 2014ರಲ್ಲಿ ಯೂಬಿಸಾಫ್ಟ್ ತನ್ನ 'ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ' ಗೇಮಿನ ಗುಂಪು ಆಟದಲ್ಲಿ ಹೆಣ್ಣು ಪಾತ್ರ ಇಲ್ಲದ್ದಕ್ಕೆ ಕೊಟ್ಟ ಕಾರಣ, ಅನಿಮೇಷನ್ ಕೆಲಸ ಎರಡು ಪಟ್ಟು ಆಗುತ್ತದೆ ಅನ್ನೋದು. ಅದೇ ಸರಣಿಯಲ್ಲಿ ಮೊದಲು ಕೆಲಸ ಮಾಡಿದ್ದ ಅನಿಮೇಟರ್ ಒಬ್ಬರು, ಒಂದೆರಡು ದಿನದ ಕೆಲಸ ಇದು ಎಂದು ಬಹಿರಂಗವಾಗಿಯೇ ಹೇಳಿದರು. ಸತ್ಯ ನಡುವೆ ಎಲ್ಲೋ ಇರುತ್ತದೆ. ಗಂಡಿನ ಅಸ್ಥಿಪಂಜರಕ್ಕೆ ಎಲ್ಲವನ್ನೂ ಕಟ್ಟಿದ ಮೇಲೆ ಹೆಣ್ಣನ್ನು ಸೇರಿಸ ಹೊರಟರೆ ಖರ್ಚು ಜಾಸ್ತಿ. ಮೊದಲ ದಿನವೇ ಯೋಚಿಸಿದರೆ ಬಹಳ ಕಡಿಮೆ. ಅದಕ್ಕೇ ಆಯಿಯ ಪ್ರಶ್ನೆಯನ್ನು ಈಗಲೇ ತೀರ್ಮಾನ ಮಾಡಿಕೊಳ್ಳಿ, ಆರು ತಿಂಗಳ ಮೇಲಲ್ಲ.

ನಿಮ್ಮ ಗೆಳೆಯರು ಸೀರೆಯ ತಾಂತ್ರಿಕ ತೊಂದರೆಯನ್ನೂ ಎತ್ತಬಹುದು. ಅದು ನಿಜವಾದ ತೊಂದರೆಯೇ. ನೆರಿಗೆ ಹಾಕಿದ ಸೀರೆ ಉಟ್ಟ ಪಾತ್ರ ನಡೆದರೆ ಮೊಣಕಾಲು ಬಟ್ಟೆಯಿಂದ ಹೊರಗೆ ಬರುತ್ತದೆ. ಸೆರಗು ಕೈಯೊಳಗೆ ತೂರುತ್ತದೆ. ಬಟ್ಟೆ ಹೇಗೆ ಅಲುಗಬೇಕು ಅಂತ ಫೋನೇ ಲೆಕ್ಕ ಹಾಕುವ ಸಿಮ್ಯುಲೇಶನ್ ಹಾಕಿದರೆ ಕಡಿಮೆ ಬೆಲೆಯ ಫೋನು ಬಿಸಿಯಾಗಿ ನಿಲ್ಲುತ್ತದೆ. ಇದಕ್ಕೆ ಉತ್ತರ ನಿಮ್ಮ ಆಯಿಯ ಹತ್ತಿರವೇ ಇರಬಹುದು. ನಮ್ಮ ಕಡೆ ಹೊಲಕ್ಕೆ ಹೋಗುವ ಹಿರಿಯ ಹೆಂಗಸರು ಕಚ್ಚೆ ಹಾಕಿ ಸೀರೆ ಉಡುತ್ತಾರೆ. ಕಚ್ಚೆ ಸೀರೆಯಲ್ಲಿ ಎರಡು ಕಾಲೂ ಬೇರೆ ಬೇರೆ. ಅಂದರೆ ಪ್ಯಾಂಟ್ ಹಾಕಿದ ಪಾತ್ರದ ರಿಗ್ಗೇ (ಪಾತ್ರವನ್ನು ಆಡಿಸುವ ಒಳಗಿನ ಮೂಳೆಗಳ ಕಟ್ಟು) ಸಾಕು, ಮೇಲೆ ಬಟ್ಟೆಯ ಆಕಾರ ಮಾತ್ರ ಬೇರೆ. ಸೆರಗಿಗೆ ಎರಡೋ ಮೂರೋ ಮೂಳೆ ಬೇರೆಯಾಗಿ ಕೊಟ್ಟು ಕೈಯಿಂದಲೇ ಆಡಿಸಿ, ಸಿಮ್ಯುಲೇಶನ್ ಬೇಡ. ತಲೆಯ ಮೇಲೆ ಸೆರಗು ಹೊದ್ದಿದ್ದರೆ ಕೂದಲಿನ ಕೆಲಸವೂ ಉಳಿಯುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗು ಮತ್ತು ಅದರ ಮೇಲಿನ ತೋಪು ತೆನಿ ವಿನ್ಯಾಸ ಸಣ್ಣ ಪರದೆಯಲ್ಲೂ ಚೆನ್ನಾಗಿ ಕಾಣುತ್ತವೆ. ಆಡುವವರ ಕಣ್ಣು ಆಯಿಯನ್ನು ಹುಡುಕಬೇಕಾಗಿಯೇ ಇಲ್ಲ.

"ಮುದುಕಿ ಓಡಲ್ಲ, ಆಟ ನಿಧಾನ ಆಗುತ್ತೆ" ಅನ್ನುವ ಮಾತಿಗೆ ನನ್ನ ಉತ್ತರ: ಆ ನಿಧಾನವೇ ನಿಮ್ಮ ಆಟ. ಇಪ್ಪತ್ತರ ಹುಡುಗಿ ಹತ್ತು ಸಲ ಓಡಾಡಿ ಮನೆಯ ಸಾಮಾನೆಲ್ಲ ಚಕ್ಕಡಿಗೆ ಹೇರಿಬಿಡುತ್ತಾಳೆ. ಆಗ ಆಯ್ಕೆ ಮಾಡಬೇಕಾದ ಕಷ್ಟವೇ ಇಲ್ಲ. ಆಯಿಗೆ ಎರಡು ಸಲ ಮಾತ್ರ ಮೆಟ್ಟಿಲು ಹತ್ತಲು ಆಗುತ್ತದೆ ಅಂದರೆ, ಬೀಸುವ ಕಲ್ಲು ತರಬೇಕೋ, ದೇವರ ಜಗಲಿಯ ಪೆಟ್ಟಿಗೆ ತರಬೇಕೋ ಅನ್ನೋದು ಆಡುವವರ ಎದೆಗೆ ನಾಟುತ್ತದೆ. ಆಯಿಗೆ ಇರುವ ಶಕ್ತಿ ಬೇರೆ. ಓಣಿಯಲ್ಲಿ ಎಲ್ಲರೂ ಅವಳಿಗೆ ಗೊತ್ತು. ಅವಳು ಕರೆದರೆ ಬಾಗಿಲು ತೆರೆಯುತ್ತವೆ, ಹುಡುಗರು ಬಂದು ಕೈ ಹಾಕುತ್ತಾರೆ. ಯಾರನ್ನು ಕರೆಯಬೇಕು, ಯಾರ ಋಣ ಬೇಡ ಅನ್ನೋದೂ ಆಟದ ಭಾಗವೇ ಆಗಬಹುದು.

ಟೈಮರ್ ಬಗ್ಗೆ ನಾನು ನಿಮ್ಮ ಗೆಳೆಯರಿಗೆ ಖಡಾಖಂಡಿತ ಇಲ್ಲ ಎನ್ನುತ್ತೇನೆ. ನೆರೆ ಬೇರೆ, ಮುಳುಗಡೆ ಬೇರೆ. 2009ರಲ್ಲಿ, 2019ರಲ್ಲಿ ನಮ್ಮ ಕಡೆ ಬಂದದ್ದು ನೆರೆ, ರಾತ್ರೋರಾತ್ರಿ ಏರಿದ ನೀರು. ಮುಳುಗಡೆ ಹಾಗಲ್ಲ. ಮೊದಲು ಸುದ್ದಿ, ಆಮೇಲೆ ಸರ್ವೆ, ಆಮೇಲೆ ನೋಟಿಸು, ಪರಿಹಾರದ ಲೆಕ್ಕ, ನವನಗರದಲ್ಲಿ ಸೆಕ್ಟರ್ ನಂಬರು, ಎಲ್ಲ ಆದ ಮೇಲೆ ನೀರು. ಆಲಮಟ್ಟಿಯಲ್ಲಿ ನೀರು ನಿಲ್ಲುವ ಮಟ್ಟ ಸಮುದ್ರ ಮಟ್ಟದಿಂದ 519.6 ಮೀಟರ್. ಆ ಸಂಖ್ಯೆಯನ್ನು ಮೊದಲ ದೃಶ್ಯದಲ್ಲೇ ಗೋಡೆಯ ಮೇಲೆ ತೋರಿಸಿ. ನೀರು ಎಲ್ಲಿಗೆ ಬರುತ್ತದೆ ಅಂತ ಆಡುವವರಿಗೆ ಗೊತ್ತು, ಆಯಿಗೂ ಗೊತ್ತು. ಸೆಕೆಂಡುಗಳ ಬದಲು ನೋಟಿಸುಗಳಿಂದ ಕಾಲ ಎಣಿಸಿ. ಒಂದೊಂದು ನೋಟಿಸ್ ಬಂದಾಗಲೂ ಓಣಿಯ ಒಂದು ಮನೆ ಖಾಲಿ ಆಗಲಿ.

ಇಷ್ಟು ಹೇಳಿದ ಮೇಲೆ ಗೆಳೆಯರ ಮಾತಿನಲ್ಲಿ ಇರುವ ನಿಜವನ್ನೂ ಹೇಳಬೇಕು. ಪ್ಲೇ ಸ್ಟೋರಿನಲ್ಲಿ ಜನ ಐಕಾನ್ ನೋಡಿ ಕ್ಲಿಕ್ ಮಾಡುತ್ತಾರೆ. ಮುದುಕಿಯ ಮುಖಕ್ಕೆ ಕ್ಲಿಕ್ ಕಡಿಮೆ ಬರಬಹುದು. ಹಣವೇ ಗುರಿಯಾಗಿದ್ದರೆ ಈ ಗೇಮ್ ಯಾವ ಮುಖ ಹಾಕಿದರೂ ಕಷ್ಟವೇ. ಕೆಲಸ ಸಿಗಲು ತೋರಿಸುವ ಗೇಮ್ ಆಗಿದ್ದರೆ ಲೆಕ್ಕ ಉಲ್ಟಾ. ಸ್ಟುಡಿಯೋದವರು ಇಂಟರ್‌ವ್ಯೂನಲ್ಲಿ ಓಡುವ ಹಾರುವ ಗೇಮ್ ಬೇಕಾದಷ್ಟು ನೋಡಿರುತ್ತಾರೆ, ಇಂಥದ್ದು ನೋಡಿರುವುದಿಲ್ಲ. 2005ರಲ್ಲಿ ಕಿಮ್ ಸ್ವಿಫ್ಟ್ ಮತ್ತು ಸಹಪಾಠಿಗಳು ಕಾಲೇಜು ಪ್ರಾಜೆಕ್ಟಾಗಿ 'ನಾರ್ಬಾಕ್ಯುಲರ್ ಡ್ರಾಪ್' ಮಾಡಿದರು. ಅದನ್ನು ನೋಡಿ ವಾಲ್ವ್ ಕಂಪನಿ ಇಡೀ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು. ಅದರಿಂದ ಹುಟ್ಟಿದ್ದು 2007ರ 'ಪೋರ್ಟಲ್'. ನಮ್ಮಲ್ಲೂ ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದ 'ರಾಜಿ' ಗೇಮಿನ ನಾಯಕಿ ಒಬ್ಬ ಹುಡುಗಿ, ಆ ಗೇಮನ್ನು ಹೊರದೇಶದವರೂ ಆಡಿದರು.

ಆಯಿ ಜೊತೆ ಮೊಮ್ಮಗಳನ್ನೂ ಸೇರಿಸುವ ದಾರಿ ಇದೆ, ಕಿರಿಯರಿಗೆ ಒಂದು ಮುಖ ಸಿಗುತ್ತದೆ. ಆದರೆ ಕೆಲಸ ಎರಡು ಪಟ್ಟು, ಮತ್ತು ಅರ್ಧ ದಾರಿಯಲ್ಲಿ ಮೊಮ್ಮಗಳೇ ನಾಯಕಿಯಾಗಿ ಆಯಿ ಮೂಲೆಗೆ ಸೇರುವ ಅಪಾಯ ಇದೆ. ನನಗೆ ಅದು ಬೇಡ ಅನ್ನಿಸುತ್ತದೆ. ಜಗಳದ ಬದಲು ಪರೀಕ್ಷೆ ಮಾಡಿ. ಒಂದೇ ಕೋಣೆಯ ಎರಡು ಆವೃತ್ತಿ ಮಾಡಿ, ಒಂದು ಆಯಿಯದು, ಒಂದು ಗೆಳೆಯರ ಹುಡುಗಿ ಮತ್ತು ಟೈಮರಿನದು. ಓಣಿಯವರ, ಹಾಸ್ಟೆಲಿನವರ ಕೈಗೆ ಕೊಡಿ, ಹೆಂಗಸರೂ ಅರ್ಧದಷ್ಟು ಇರಲಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ನಿಮ್ಮ ಮುಖ ನೋಡಿ ಎಲ್ಲರೂ ಹೌದು ಅಂತಾರೆ. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ನೋಡಿ. ಬೆರಳು ಎಲ್ಲಿ ನಿಂತಿತು, ಫೋನು ಯಾವಾಗ ಕೆಳಗಿಟ್ಟರು, ಮುಗಿದ ಮೇಲೆ ಏನು ಮಾತಾಡಿದರು, ಇಷ್ಟು ಬರೆದುಕೊಳ್ಳಿ. ಗೆಳೆಯರೂ ಜೊತೆಗೇ ಕೂರಲಿ. ಅವರೇ ಕಣ್ಣಾರೆ ನೋಡಿದ್ದನ್ನು ನೀವು ಮತ್ತೆ ಒಪ್ಪಿಸಬೇಕಾಗಿಲ್ಲ. ಫಲಿತಾಂಶ ನಿಮ್ಮ ವಿರುದ್ಧ ಬಂದರೆ ಅದನ್ನೂ ಗೌರವಿಸಿ, ಆಯಿಯನ್ನು ತೆಗೆಯುವ ಮೊದಲು ಆಟ ಎಲ್ಲಿ ತಡವರಿಸಿತು ಅಂತ ಹುಡುಕಿ. ಬಹಳ ಸಲ ತಪ್ಪು ಪಾತ್ರದಲ್ಲಿ ಇರುವುದಿಲ್ಲ, ಬಟನ್ನಿನಲ್ಲಿ ಇರುತ್ತದೆ.

ಒಂದು ಸಣ್ಣ ವಿಷಯ, ಆಮೇಲೆ ಮರೆತೇನು. ಮಾತು ಕನ್ನಡದಲ್ಲಿ ಇರುತ್ತದೆ ಅಂದುಕೊಂಡಿದ್ದೇನೆ. ಗೇಮ್ ಕಟ್ಟಲು ಯೂನಿಟಿ ಸಾಫ್ಟ್‌ವೇರ್ ಬಳಸುತ್ತಿದ್ದರೆ, ಅಕ್ಷರ ತೋರಿಸುವ ಅದರ ಟೆಕ್ಸ್ಟ್‌ಮೆಶ್ ಪ್ರೋದಲ್ಲಿ "ಅವ್ವ" ಅಂತ ಬರೆದು ನೋಡಿ. ಒತ್ತಕ್ಷರ ಕೆಳಗೆ ಇಳಿಯದೆ ಎರಡು 'ವ' ಅಕ್ಕಪಕ್ಕ ನಿಲ್ಲುತ್ತವೆ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್, 2023ರಲ್ಲಿ ಬಂದ ಗೋಡೋ 4ರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ, ಅದು ಪೂರ್ತಿ ಉಚಿತ, ರಾಯಲ್ಟಿಯೂ ಇಲ್ಲ. ಇನ್ನೂ ಒಂದೇ ಕೋಣೆ ಕಟ್ಟಿದ್ದೀರಿ ಅಂದರೆ ಈಗಲೇ ಬದಲಾಯಿಸುವುದು ವಾಸಿ.

ಪಾತ್ರಕ್ಕಿಂತ ನನಗೆ ಜಾಸ್ತಿ ಆತಂಕ ಇರುವುದು ಆ ಪ್ಲೇ ಸ್ಟೋರ್ ಅಕೌಂಟಿನ ಬಗ್ಗೆ. ಅಕೌಂಟ್ ಯಾರ ಹೆಸರಿನಲ್ಲಿ ಇದೆಯೋ ಅವರ ಕೈಯಲ್ಲಿ ಗೇಮನ್ನು ತೆಗೆಯುವ, ಬದಲಿಸುವ, ಹಣ ಪಡೆಯುವ ಅಧಿಕಾರ ಇರುತ್ತದೆ. ಕಾನೂನು ನಿಮ್ಮ ಕಡೆಗೇ ಇದೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನೀವು ಬರೆದ ಚಿತ್ರ, ಮಾತು ನಿಮ್ಮದು, ಅವರು ಬರೆದ ಕೋಡ್ ಅವರದು. ಹಕ್ಕು ಬಿಟ್ಟುಕೊಡಬೇಕಾದರೆ ಅದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಬಾಯಿಮಾತಿನಲ್ಲಿ ಹೋಗುವುದಿಲ್ಲ. ಆದರೆ ಕೋರ್ಟಿಗೆ ಯಾರು ಹೋಗುತ್ತಾರೆ? ಈಗ, ಸ್ನೇಹ ಚೆನ್ನಾಗಿರುವಾಗಲೇ, ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ಯಾರು ಏನು ಮಾಡಿದರು, ಕ್ರೆಡಿಟ್ಸ್‌ನಲ್ಲಿ ಹೆಸರು ಹೇಗೆ ಬರಬೇಕು, ಹಣ ಬಂದರೆ ಹೇಗೆ ಹಂಚಿಕೊಳ್ಳಬೇಕು, ಒಬ್ಬರು ಬಿಟ್ಟು ಹೋದರೆ ಅವರ ಕೆಲಸ ಬಳಸಬಹುದಾ, ಪಾತ್ರದ ಬಗ್ಗೆ ಕೊನೆಯ ಮಾತು ಯಾರದು. ಮೂವರೂ ಸಹಿ ಹಾಕಿ. ಚಿತ್ರದ ಮೂಲ ಫೈಲುಗಳು ನಿಮ್ಮ ಹತ್ತಿರ ತಾರೀಖಿನ ಸಮೇತ ಇರಲಿ.

ಸಾಧ್ಯವಿದ್ದರೆ ಅಕೌಂಟನ್ನು ನೀವೇ ತೆರೆಯಿರಿ. ಒಂದು ಸಲ 25 ಡಾಲರ್ ಕಟ್ಟಿದರೆ ಸಾಕು. ಹೊಸ ವೈಯಕ್ತಿಕ ಅಕೌಂಟಿಗೆ 12 ಜನ ಸತತ 14 ದಿನ ಪರೀಕ್ಷೆ ಮಾಡಬೇಕು ಅನ್ನುವ ನಿಯಮ ಇದೆ, ಓಣಿಯ ಪರೀಕ್ಷೆಯನ್ನು ಅದಕ್ಕೇ ಸೇರಿಸಿಕೊಳ್ಳಬಹುದು. "ನಂಬಿಕೆ ಇಲ್ವಾ" ಅಂತ ಗೆಳೆಯರು ಕೇಳಬಹುದು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದ ಗೆಳೆಯರೂ ಕಾಗದ ಮಾಡಿಕೊಂಡೇ ಗೇಮ್ ಶುರು ಮಾಡುತ್ತಾರೆ ಅನ್ನಿ, ಅದು ನಿಜ.

ಮೈಕ್ ಆಫ್ ಮಾಡಿ ಆಡುವುದರ ಬಗ್ಗೆ ನಾಚಿಕೆ ಬೇಡ. ನನ್ನ ಪರಿಚಯದ ಬಹಳಷ್ಟು ಹೆಣ್ಣುಮಕ್ಕಳು ಹಾಗೇ ಆಡುತ್ತಾರೆ. ಅಪರಿಚಿತರ ನಡುವೆ ಧ್ವನಿಯನ್ನು ಮೊದಲಿನಿಂದಲೇ ತೆರೆದಿಡಬೇಕು ಅಂತ ಯಾರೋ ಒಬ್ಬರು ತೀರ್ಮಾನ ಮಾಡಿರುತ್ತಾರೆ. ಡಿಸೈನರ್ ಆಗಿ ನೀವು ಬೇರೆ ತೀರ್ಮಾನ ಮಾಡಬಹುದು: ಧ್ವನಿ ಬೇಕಾದವರು ಆನ್ ಮಾಡಿಕೊಳ್ಳಲಿ, ಸಿದ್ಧ ಸಂದೇಶಗಳಿಂದಲೇ ಆಟ ನಡೆಯಲಿ, ಬ್ಲಾಕ್ ಬಟನ್ ಒಂದೇ ಒತ್ತಿಗೆ ಸಿಗಲಿ. ಯಾರಾದರೂ ಬೆದರಿಕೆ ಹಾಕಿದರೆ, ಅಸಹ್ಯ ಕಳಿಸಿದರೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ.

ಕೊನೆಗೆ ಇಂಟರ್ನ್‌ಶಿಪ್. ನಮ್ಮ ಕಡೆಯ ಜಿಲ್ಲೆಗಳಲ್ಲಿ ಕೂತು ಸ್ಟುಡಿಯೋ ಕೆಲಸ ಹುಡುಕುವುದು ಇವತ್ತಿಗೂ ಕಷ್ಟ. ಮೊದಲ ಎರಡು ಮೂರು ವರ್ಷ ಅನುಭವಿಗಳ ಪಕ್ಕ ಕೂತು ಕಲಿಯುವುದು ಬಹಳ ಮುಖ್ಯ, ಆಮೇಲೆ ಊರಿಂದಲೂ ಕೆಲಸ ಮಾಡಬಹುದು. ಇನ್ನೊಂದು ದಾರಿ, ಮಾಮೂಲು ಸಾಫ್ಟ್‌ವೇರ್ ಕೆಲಸ ಹಿಡಿದು ರಾತ್ರಿ ಗೇಮ್ ಮಾಡುವುದು. ಸಂಬಳ ಗಟ್ಟಿ, ಮನೆಯವರಿಗೂ ಸಮಾಧಾನ. ಆದರೆ ರಾತ್ರಿ ಗೇಮ್ ಮಾಡುವ ಹುಮ್ಮಸ್ಸು ಬಹಳ ಜನರಿಗೆ ಒಂದು ವರ್ಷದಲ್ಲಿ ಇಳಿಯುತ್ತದೆ, ಮದುವೆಯ ಮಾತು ಶುರುವಾದ ಮೇಲಂತೂ ಹೆಣ್ಣುಮಕ್ಕಳಿಗೆ ಆ ರಾತ್ರಿಗಳೇ ಉಳಿಯುವುದಿಲ್ಲ. ಹಾಗಾಗಿ ಸ್ಟುಡಿಯೋ ಸರಿಯಾಗಿದ್ದರೆ ಆರು ತಿಂಗಳು ಹೋಗಿ ಬನ್ನಿ ಅನ್ನೋದೇ ನನ್ನ ಸಲಹೆ.

ಸರಿಯಾಗಿದೆಯಾ ಅಂತ ತಿಳಿಯಲು ಫೋನಿನಲ್ಲಿ ಅಲ್ಲ, ಇಮೇಲಿನಲ್ಲಿ ಕೇಳಿ. ತಿಂಗಳಿಗೆ ಎಷ್ಟು ಕೊಡುತ್ತಾರೆ? ಕೊಡುವುದಿಲ್ಲ ಅಂದರೆ ಹೋಗಬೇಡಿ, ಬೆಂಗಳೂರಿನ ಪಿಜಿ ಬಾಡಿಗೆ ಅಪ್ಪನ ತಲೆ ಮೇಲೆ ಬೀಳುತ್ತದೆ. ಕೆಲಸದ ಹೊತ್ತು ಯಾವುದು, ರಿಲೀಸ್ ಸಮಯದಲ್ಲಿ ಏನಾಗುತ್ತದೆ? ಇಂಟರ್ನ್‌ಗಳ ಹೆಸರು ಕ್ರೆಡಿಟ್ಸ್‌ನಲ್ಲಿ ಬರುತ್ತಾ? ಅವರ ಹಿಂದಿನ ಗೇಮನ್ನು ಆಡಿ ಕ್ರೆಡಿಟ್ಸ್ ಪೂರ್ತಿ ನೋಡಿ, ಅದರಲ್ಲಿ ಇರುವ ಹೆಂಗಸರಲ್ಲಿ ಒಬ್ಬರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ವಿಚಾರಿಸಿ. ಬಿಟ್ಟು ಹೋದವರಾದರೆ ಇನ್ನೂ ಒಳ್ಳೆಯದು, ಅವರು ನಿಜ ಹೇಳುತ್ತಾರೆ.

ಕಾನೂನಿನ ಮಾತು ಅತ್ತೆ ಮಗನಿಗೂ ಹೇಳಿ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇಂಟರ್ನ್‌ಗಳಿಗೂ ಅನ್ವಯಿಸುತ್ತದೆ, ಸಂಬಳ ಇರಲಿ ಇಲ್ಲದಿರಲಿ. 10 ಜನ ಅಥವಾ ಹೆಚ್ಚು ಇರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ನಿಮ್ಮದು ಏಳು ಜನರ ಸ್ಟುಡಿಯೋ, ಅಲ್ಲಿ ಆ ಸಮಿತಿ ಇರುವುದಿಲ್ಲ. ಹಾಗಂತ ದೂರು ಕೊಡಲು ಜಾಗ ಇಲ್ಲ ಅಂತ ಅಲ್ಲ. ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ಮಾಲೀಕನ ಮೇಲೇ ದೂರು ಇದ್ದರೂ ಅಲ್ಲಿಗೇ. ಘಟನೆ ಆದ ಮೂರು ತಿಂಗಳೊಳಗೆ ಬರೆದು ಕೊಡಬೇಕು, ಸಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಮಿತಿ ಕೊಡಬಹುದು.

ಸಹಿ ಹಾಕುವ ಮೊದಲು ಒಂದು ಸಾಲು ಸೇರಿಸಲು ಹೇಳಿ: ಮುಳುಗಡೆಯ ಗೇಮ್, ಅದರ ಕಥೆ, ಚಿತ್ರ ನೀವು ಸೇರುವ ಮೊದಲೇ ಮಾಡಿದ್ದು, ಅದರ ಮೇಲೆ ಸ್ಟುಡಿಯೋಗೆ ಹಕ್ಕಿಲ್ಲ. ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಕಂಪನಿಯದ್ದೇ ಆಗುತ್ತದೆ, ಆದ್ದರಿಂದ ಗೇಮಿನ ಕೆಲಸ ಅವರ ಲ್ಯಾಪ್‌ಟಾಪಿನಲ್ಲಿ ಮಾಡಬೇಡಿ. ಈ ಸಾಲಿಗೆ ಅವರು ತಕರಾರು ತೆಗೆದರೆ ಅಲ್ಲಿಗೆ ಹೋಗುವ ಯೋಚನೆ ಬಿಡಿ. ಒಪ್ಪಿದರೆ ಕರಾರು ಪತ್ರವನ್ನು ನನಗೂ ಕಳಿಸಿ, ಸಹಿಗೆ ಮೊದಲು ಓದಿ ಹೇಳುತ್ತೇನೆ.